ನೆರೆಯವರ ಪುಣ್ಯದಿನಗಳು: ಆವತಿಯ ಬೆಟ್ಟದಿಂದ ಒಂದು ನೋಟ



ದೀಪಾವಳಿಗೆ ನೆರೆಮನೆಯಿಂದ ಸಿಹಿತಿಂಡಿ ನಮ್ಮ ಮನೆಗೆ ಬರುತ್ತದೆ. ಕ್ರಿಸ್ಮಸ್‌ಗೆ ನಮ್ಮ ಕುಸ್ವಾರ್ ಅವರ ಮನೆಗೆ ಹೋಗುತ್ತದೆ. ಇದು ಒಳ್ಳೆಯ ಸಂಪ್ರದಾಯವೇ ಸರಿ. ಆದರೆ ಅದೇ ನೆರೆಯವರು ಏಕಾದಶಿಯಂದು ಅನ್ನ ಮುಟ್ಟದಿದ್ದಾಗ, ಶ್ರಾವಣ ಶನಿವಾರ ಒಪ್ಪತ್ತು ಇದ್ದಾಗ, ಏಕೆಂದು ನಾವು ಕೇಳಿದ್ದೇವೆಯೇ? ತಿಂಡಿಯ ರುಚಿ ಗೊತ್ತಿದ್ದಷ್ಟು ಅವರ ಪ್ರಾರ್ಥನೆಯ ಅರ್ಥ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಸಂಶಯ ಬೇಗ ಬೇರೂರುತ್ತದೆ. ಆದ್ದರಿಂದ ಹಿಂದೂ ಮತ್ತು ಬೌದ್ಧ ಬಾಂಧವರ ಕೆಲವು ಪುಣ್ಯದಿನಗಳ ಒಳ ಅರ್ಥವನ್ನು ಇಲ್ಲಿ ತಿಳಿಯಲು ಯತ್ನಿಸೋಣ.

ತಿಮ್ಮರಾಯನ ಶನಿವಾರ

ಕರಾವಳಿಯ ನಮ್ಮಲ್ಲಿ ಹಲವರು ವಿಮಾನ ಹಿಡಿಯಲು ದೇವನಹಳ್ಳಿಗೆ ಹೋಗಿ ಬಂದವರು. ಅಲ್ಲಿಂದ ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಆವತಿ ಎಂಬ ಊರು ಸಿಗುತ್ತದೆ. ಹದಿನೈದನೇ ಶತಮಾನದಲ್ಲಿ ಕಂಚಿಯ ಕಡೆಯಿಂದ ಬಂದ ರಣಭೈರೇಗೌಡರು ಇಲ್ಲಿ ನೆಲೆನಿಂತರೆಂದು ಹೇಳುತ್ತಾರೆ. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಮನೆತನದ ಮೂಲವೂ ಈ ಆವತಿ ನಾಡಪ್ರಭುಗಳೇ. ಊರಿನ ಬೆಟ್ಟದ ಮೇಲೆ ತಿಮ್ಮರಾಯಸ್ವಾಮಿಯ ಗುಡಿ ಇದೆ. ತಿರುಪತಿಯ ವೆಂಕಟರಮಣನನ್ನೇ ಈ ಸೀಮೆಯ ಜನ ತಿಮ್ಮರಾಯ, ತಿಮ್ಮಪ್ಪ ಎಂದು ಪ್ರೀತಿಯಿಂದ ಕರೆಯುತ್ತಾರೆ.

ತಿಮ್ಮರಾಯನ ಒಕ್ಕಲಿನ ಮನೆಗಳಲ್ಲಿ ಶ್ರಾವಣದ ಶನಿವಾರಗಳು ವಿಶೇಷ. ಬೆಳಿಗ್ಗೆ ಮನೆ ಸಾರಿಸಿ, ಮಿಂದು, ಹಣೆಗೆ ನಾಮ ಇಟ್ಟು, ಒಪ್ಪತ್ತು ಇರುತ್ತಾರೆ. ತಂಬಿಟ್ಟಿನ ದೀಪ ಹಚ್ಚಿ ಆರತಿ ಎತ್ತುತ್ತಾರೆ. ಶಂಖ, ಜಾಗಟೆ ಹಿಡಿದ ದಾಸಯ್ಯನಿಗೆ ಅಂದು ಗೌರವದ ಸ್ಥಾನ. ಎಲ್ಲಕ್ಕಿಂತ ಗಮನಿಸಬೇಕಾದುದು ಪಡಿ ಬೇಡುವ ಪದ್ಧತಿ. ಸ್ವಂತ ಹೊಲ, ತುಂಬಿದ ಕಣಜ ಇದ್ದವರೂ ಅಂದು ಪಾತ್ರೆ ಹಿಡಿದು ಗೋವಿಂದನ ಹೆಸರು ಹೇಳುತ್ತಾ ಕೆಲವು ಮನೆಗಳ ಮುಂದೆ ನಿಲ್ಲುತ್ತಾರೆ. ಬಂದ ಅಕ್ಕಿಯನ್ನು ಅಡುಗೆಗೆ ಬಳಸಿ ದೇವರಿಗೆ ಎಡೆ ಇಡುತ್ತಾರೆ.

ಇದರ ಅರ್ಥ ಸ್ಪಷ್ಟ. ‘ನನ್ನದು’ ಎಂದುಕೊಂಡ ಅನ್ನವೂ ಕೊಟ್ಟವನ ಕೃಪೆಯಿಂದ ಬಂದದ್ದು. ವರ್ಷದಲ್ಲಿ ಒಂದು ದಿನವಾದರೂ ಕೈಚಾಚಿ ನಿಂತವನಿಗೆ, ತನ್ನ ಬಾಗಿಲಲ್ಲಿ ಕೈಚಾಚಿದವನ ಕಷ್ಟ ಅರಿವಾಗುತ್ತದೆ.

ಹತ್ತಿರ ವಾಸಿಸುವುದು

‘ಉಪವಾಸ’ ಎಂಬ ಪದವನ್ನು ನಾವು ಊಟ ಬಿಡುವುದು ಎಂದಷ್ಟೇ ತಿಳಿದಿದ್ದೇವೆ. ‘ಉಪ’ ಎಂದರೆ ಹತ್ತಿರ, ‘ವಾಸ’ ಎಂದರೆ ಇರುವುದು. ದೇವರ ಹತ್ತಿರ ಇರುವುದೇ ಉಪವಾಸ ಎಂದು ಹಿಂದೂ ಹಿರಿಯರು ವಿವರಿಸುತ್ತಾರೆ. ಪ್ರತಿ ತಿಂಗಳು ಶುಕ್ಲ ಪಕ್ಷದಲ್ಲಿ ಒಂದು, ಕೃಷ್ಣ ಪಕ್ಷದಲ್ಲಿ ಒಂದರಂತೆ ಏಕಾದಶಿಗಳು ಬರುತ್ತವೆ. ವರ್ಷಕ್ಕೆ 24, ಅಧಿಕ ಮಾಸ ಬಂದರೆ 26. ನಿಷ್ಠೆಯುಳ್ಳವರು ಅಂದು ಅನ್ನ ಬಿಟ್ಟು, ಮರುದಿನ ದ್ವಾದಶಿಯಂದು ಪಾರಣೆ ಮಾಡುತ್ತಾರೆ. ಶಿವರಾತ್ರಿಯಲ್ಲಿ ಉಪವಾಸದ ಜೊತೆಗೆ ಜಾಗರಣೆಯೂ ಸೇರುತ್ತದೆ. ತಪಸ್ಸುಕಾಲದ ಉಪವಾಸ, ಪಾಸ್ಖ ಹಬ್ಬದ ರಾತ್ರಿಯ ಜಾಗರಣೆ ಬಲ್ಲ ನಮಗೆ ಇದು ಅಪರಿಚಿತ ಭಾಷೆಯಲ್ಲ.

ಹುಣ್ಣಿಮೆಯ ಬೆಳಕು

ಬೌದ್ಧರ ಪವಿತ್ರ ದಿನ ವೈಶಾಖ ಹುಣ್ಣಿಮೆ. ಬುದ್ಧನ ಜನನ, ಜ್ಞಾನೋದಯ ಮತ್ತು ಮಹಾಪರಿನಿರ್ವಾಣ ಮೂರನ್ನೂ ಅನೇಕ ಬೌದ್ಧರು ಈ ಒಂದೇ ದಿನ ಸ್ಮರಿಸುತ್ತಾರೆ. ವಿಶ್ವಸಂಸ್ಥೆಯ ಮಹಾಸಭೆ 1999ರಲ್ಲಿ ಈ ದಿನಕ್ಕೆ ಮಾನ್ಯತೆ ನೀಡಿತು. ಬೆಂಗಳೂರಿನಲ್ಲಿ 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಇದೆ. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟಿನ ಬಾಂಧವರಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ ನೆನಪಿಗೆ ಧಮ್ಮಚಕ್ರ ಪ್ರವರ್ತನ ದಿನವನ್ನು ಆಚರಿಸುವವರೂ ನಮ್ಮ ನಾಡಿನಲ್ಲಿದ್ದಾರೆ. ಅವರಿಗೆ ಅದು ಮನುಷ್ಯನ ಘನತೆ ಮರಳಿ ಸಿಕ್ಕ ದಿನ.

ಹುಣ್ಣಿಮೆಯ ವ್ರತಕ್ಕೆ ಪಾಲಿಯಲ್ಲಿ ‘ಉಪೋಸಥ’ ಎನ್ನುತ್ತಾರೆ. ಇದೂ ‘ಉಪವಾಸ’ದ ಮೂಲದಿಂದಲೇ ಬಂದ ಪದ. ಅಂದು ಗೃಹಸ್ಥರು ಎಂಟು ಶೀಲಗಳನ್ನು ಕೈಗೊಳ್ಳುತ್ತಾರೆ. ಕೊಲ್ಲದಿರುವುದು, ಕದಿಯದಿರುವುದು, ಬ್ರಹ್ಮಚರ್ಯ, ಸುಳ್ಳಾಡದಿರುವುದು, ಮದ್ಯ ಬಿಡುವುದು, ಮಧ್ಯಾಹ್ನದ ನಂತರ ಉಣ್ಣದಿರುವುದು, ಹಾಡು-ಕುಣಿತ-ಅಲಂಕಾರ ಬಿಡುವುದು, ಎತ್ತರದ ಐಷಾರಾಮಿ ಹಾಸಿಗೆ ಬಿಡುವುದು. ಬೌದ್ಧ ಭಿಕ್ಷುವೂ ಪಾತ್ರೆ ಹಿಡಿದು ಬಾಗಿಲಿಗೆ ಬರುವವನೇ. ಆವತಿಯ ಸೀಮೆಯ ಪಡಿ ಬೇಡುವ ಒಕ್ಕಲಿಗನನ್ನೂ ಈ ಭಿಕ್ಷುವನ್ನೂ ಒಟ್ಟಿಗೆ ನೆನೆದರೆ, ಈ ನೆಲ ದೀನತೆಯನ್ನು ಎಷ್ಟು ಗೌರವದಿಂದ ಕಂಡಿದೆ ಎಂಬುದು ತಿಳಿಯುತ್ತದೆ.

ತ್ಯಾಗದ ಅರ್ಥ ಬದಲಾದಾಗ

ಎಲ್ಲ ಆಚರಣೆಗಳೂ ಹೀಗೆ ಸೌಮ್ಯವಾಗಿರಲಿಲ್ಲ ಎಂಬುದನ್ನೂ ಮರೆಮಾಚಬಾರದು. ಆವತಿ ಪ್ರಭುಗಳು ಸೇರಿದ ಮೊರಸು ಒಕ್ಕಲಿಗ ಸಮುದಾಯದ ಒಂದು ಶಾಖೆಯಲ್ಲಿ, ದೇವರ ಹರಕೆಗಾಗಿ ತಾಯಂದಿರು ಬೆರಳ ತುದಿಗಳನ್ನು ಕತ್ತರಿಸಿಕೊಡುವ ಪದ್ಧತಿ ಹಿಂದೆ ಇತ್ತು. ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯೂಬುವಾ ಅವರೂ ಇದನ್ನು ಬರೆದಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಇದಕ್ಕೆ ನಿಷೇಧ ಬಂತು. ಜನ ದೇವರನ್ನು ಬಿಡಲಿಲ್ಲ, ಹರಕೆಯನ್ನೂ ಬಿಡಲಿಲ್ಲ. ಬೆರಳಿಗೆ ಚಿನ್ನದ ತಂತಿ ಸುತ್ತಿ, ಅದನ್ನೇ ಬಿಚ್ಚಿ ಅರ್ಪಿಸುವ ದಾರಿ ಕಂಡುಕೊಂಡರು. ಭಕ್ತಿ ಉಳಿಯಿತು, ರಕ್ತ ನಿಂತಿತು.

ಇದನ್ನು ಓದಿ ನಾವು ಹುಬ್ಬೇರಿಸಬೇಕಾಗಿಲ್ಲ. ಚಾಟಿಯಿಂದ ಮೈ ಹೊಡೆದುಕೊಳ್ಳುವ ಪ್ರಾಯಶ್ಚಿತ್ತಗಳು ನಮ್ಮ ಇತಿಹಾಸದಲ್ಲೂ ಇದ್ದವು. ಆಚರಣೆಯ ಹೊರರೂಪ ಕಾಲಕ್ಕೆ ತಕ್ಕಂತೆ ತಿದ್ದುಪಡಿಯಾಗಬಹುದು, ಆಗಬೇಕು. ಒಳಗಿನ ಶರಣಾಗತಿ ಉಳಿದರೆ ಸಾಕು. ಈ ಪಾಠ ನಮಗೂ ಅನ್ವಯಿಸುತ್ತದೆ.

ನಮ್ಮ ಮುಂದಿರುವ ದಾರಿ

ನಮ್ಮ ಮಂಗಳೂರಿನ ಕದ್ರಿಯನ್ನೇ ನೋಡಿ. ಅಲ್ಲಿನ ಮಂಜುನಾಥ ದೇಗುಲದಲ್ಲಿರುವ ಲೋಕೇಶ್ವರನ ಲೋಹದ ಮೂರ್ತಿಯನ್ನು ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಕದ್ರಿಯ ವಿಹಾರದಲ್ಲಿ ಸ್ಥಾಪಿಸಿದನೆಂದು ಅದರ ಪೀಠದ ಶಾಸನ ಹೇಳುತ್ತದೆ. ಬೌದ್ಧ ನೆನಪು ಶೈವ ಗುಡಿಯಲ್ಲಿ ಇಂದಿಗೂ ಗೌರವದಿಂದ ಉಳಿದಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನಗಳು ಕಂಡವು. ಪರರ ಧರ್ಮವನ್ನೂ ಗೌರವಿಸಿ ಎಂದು ತಿಳಿಹೇಳುವ 12ನೇ ಶಿಲಾಶಾಸನದ ಭಾಗವೂ ಅವುಗಳಲ್ಲಿತ್ತು.

ನಮ್ಮ ಧರ್ಮಸಭೆಯೂ ಇದನ್ನೇ ಕಲಿಸುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ‘ನೋಸ್ತ್ರಾ ಎತಾತೆ’ ಘೋಷಣೆ ಹಿಂದೂ ಮತ್ತು ಬೌದ್ಧ ಧರ್ಮಗಳನ್ನು ಹೆಸರಿಸಿ, ಅವುಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ತಿಳಿಸಿತು. ವ್ಯಾಟಿಕನ್ನಿನ ಅಂತರ್‌ಧರ್ಮೀಯ ಸಂವಾದ ವಿಭಾಗ ದೀಪಾವಳಿಗೂ ವೈಶಾಖ ಹುಣ್ಣಿಮೆಗೂ ಪ್ರತಿವರ್ಷ ಶುಭಾಶಯ ಸಂದೇಶ ಕಳುಹಿಸುತ್ತದೆ.

ಹಾಗೆಂದು ನಮ್ಮ ವಿಶ್ವಾಸವನ್ನು ಬದಿಗಿಡಬೇಕಾಗಿಲ್ಲ, ಎಲ್ಲವನ್ನೂ ಬೆರೆಸಬೇಕಾಗಿಯೂ ಇಲ್ಲ. ಸಣ್ಣ ಹೆಜ್ಜೆಗಳು ಸಾಕು. ನೆರೆಯವರಿಗೆ ಏಕಾದಶಿ ಎಂದು ಗೊತ್ತಿದ್ದರೆ ಅಂದು ಊಟಕ್ಕೆ ಒತ್ತಾಯಿಸದಿರೋಣ. ಜೊತೆಯಲ್ಲಿ ದುಡಿಯುವವರು ಶಿವರಾತ್ರಿಯ ಜಾಗರಣೆ ಮುಗಿಸಿ ಬಂದಾಗ ಅವರ ಭಾರದ ಕೆಲಸ ನಾವು ಹೊರೋಣ. ಬುದ್ಧ ಪೂರ್ಣಿಮೆಯ ದಿನ ಒಂದು ಶುಭಾಶಯ ಹೇಳೋಣ. ಮಕ್ಕಳು ಹಬ್ಬದ ಬಗ್ಗೆ ಕೇಳಿದರೆ ಗೇಲಿ ಮಾಡದೆ ಅರ್ಥ ತಿಳಿಸೋಣ. ನಮಗೇ ತಿಳಿಯದಿದ್ದರೆ ನೆರೆಮನೆಯ ಅಜ್ಜಿಯನ್ನೇ ಕೇಳಿ ಬರಲು ಹೇಳೋಣ. ಅವರು ಸಂತೋಷದಿಂದಲೇ ಹೇಳುತ್ತಾರೆ. ನಾಳೆ ಬೂದಿ ಬುಧವಾರದಂದು ನಮ್ಮ ಹಣೆಯ ಗುರುತನ್ನು ಕಂಡು ಅವರು ಅರ್ಥ ಕೇಳಿದಾಗ, ಹೇಳಲು ನಮಗೂ ಸಿದ್ಧತೆ ಇರಲಿ.