ಮಂಟಪದ ಬುಡದಲ್ಲಿ ಕುಳಿತ ಗಣಿತಜ್ಞ

ಹದಿನಾರು, ಹದಿನೇಳನೆಯ ಶತಮಾನಗಳ ಯುರೋಪಿನಲ್ಲಿ ದೊಡ್ಡ ಗ್ರಂಥವೊಂದು ಅಚ್ಚಾದರೆ ಅದರ ಮೊದಲಿಗೆ ತಾಮ್ರದ ತಗಡಿನಲ್ಲಿ ಕೊರೆದು ಮುದ್ರಿಸಿದ ಚಿತ್ರವೊಂದನ್ನು ಇರಿಸುವ ವಾಡಿಕೆಯಿತ್ತು. ಕಂಬ, ಕಮಾನು, ದೇವತೆಗಳಿಂದ ಕಿಕ್ಕಿರಿದ ಇಂತಹ ಚಿತ್ರಗಳನ್ನು ಬರಿಯ ಅಲಂಕಾರವೆಂದು ಬಗೆದು ನಾವು ಪುಟ ತಿರುವಿಬಿಡುತ್ತೇವೆ. ಅಂದಿನ ವಿದ್ವಾಂಸರಾದರೋ ಅವುಗಳನ್ನು ಗ್ರಂಥದಷ್ಟೇ ಶ್ರದ್ಧೆಯಿಂದ ಓದುತ್ತಿದ್ದರು.

ಜರ್ಮನಿಯ ಉಲ್ಮ್ ನಗರದಲ್ಲಿ ೧೬೨೭ರಲ್ಲಿ ಪ್ರಕಟವಾದ 'ರುಡಾಲ್ಫೀಯ ಕೋಷ್ಟಕಗಳು' ಎಂಬ ಗ್ರಂಥದ ಮುಖಚಿತ್ರವು ಇದಕ್ಕೆ ಒಳ್ಳೆಯ ನಿದರ್ಶನ. ಗ್ರಹಗಳ ಸ್ಥಾನವನ್ನು ಗುಣಿಸಿ ತೆಗೆಯಲು ಬೇಕಾದ ಕೋಷ್ಟಕಗಳು ಅದರಲ್ಲಿವೆ. ನಮ್ಮ ಪಂಚಾಂಗಕರ್ತರಿಗೆ ಇದರ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಕರ್ತೃ ಯೋಹಾನ್ನೆಸ್ ಕೆಪ್ಲರ್. ಚಿತ್ರದ ಕಲ್ಪನೆಯೂ ಆತನದೇ.

ಚಿತ್ರದಲ್ಲಿರುವುದು ಖಗೋಳವಿದ್ಯೆಯ ಅಧಿದೇವತೆಯ ಮಂಟಪ. ಹಿಂಬದಿಯ ಕಂಬ ತೊಗಟೆಯೂ ಹೋಗದ ಮರದ ಬೊಡ್ಡೆ. ಅಲ್ಲಿ ನಿಂತ ಪ್ರಾಚೀನ ಬ್ಯಾಬಿಲೋನಿಯದ ಪುರುಷನು ಬೆರಳುಗಳನ್ನೇ ಉಪಕರಣವಾಗಿಸಿಕೊಂಡು ಆಕಾಶವನ್ನು ಅಳೆಯುತ್ತಿದ್ದಾನೆ. ಮುಂದೆ ಬಂದಂತೆಲ್ಲ ಕಂಬಗಳು ನಯವಾಗುತ್ತವೆ. ಹಿಪ್ಪಾರ್ಕಸ್, ಟಾಲೆಮಿ, ಕೊಪರ್ನಿಕಸ್, ಕಡೆಯಲ್ಲಿ ಅತ್ಯಂತ ಸೊಗಸಾದ ಕಂಬದ ಬಳಿ ಟೈಕೊ ಬ್ರಾಹೆ. ಶಾಸ್ತ್ರವು ಬೆಳೆದ ಬಗೆಯನ್ನು ಕಂಬಗಳೇ ಹೇಳುತ್ತವೆ. ಟೈಕೊ ಛಾವಣಿಯತ್ತ ಕೈದೋರಿ, 'ಹೀಗಿದ್ದರೆ ಹೇಗೆ?' ಎಂದು ಕೊಪರ್ನಿಕಸ್‌ನನ್ನು ಕೇಳುತ್ತಿದ್ದಾನೆ. ಛಾವಣಿಯಲ್ಲಿ ಬರೆದಿರುವುದು ಟೈಕೊವಿನ ವ್ಯವಸ್ಥೆ. ಕೆಪ್ಲರ್ ಒಪ್ಪಿದ್ದು ಕೊಪರ್ನಿಕಸ್‌ನನ್ನು. ಆದರೆ ಟೈಕೊವಿನ ವೀಕ್ಷಣೆಗಳಿಲ್ಲದೆ ಈ ಗ್ರಂಥವೇ ಇಲ್ಲ, ಆತನ ವಾರಸುದಾರರ ಮನಸ್ಸನ್ನೂ ನೋಯಿಸುವಂತಿರಲಿಲ್ಲ.

ಹಾಗಾದರೆ ಕೆಪ್ಲರ್ ಎಲ್ಲಿ? ಕಂಬಗಳ ಸಾಲಿನಲ್ಲಿ ಆತನಿಲ್ಲ. ಕೆಳಗೆ, ಮಂಟಪದ ಅಧಿಷ್ಠಾನದ ಒಂದು ಫಲಕದಲ್ಲಿ, ಮೇಣದ ಬತ್ತಿಯ ಬೆಳಕಿನಲ್ಲಿ ಲೆಕ್ಕ ಮಾಡುತ್ತ ಕುಳಿತಿದ್ದಾನೆ. ಇದನ್ನು ವಿನಯವೆಂದು ಕರೆದು ಮುಂದೆ ಸಾಗಬಹುದು. ಆದರೆ ಆತನ ಮೇಜಿನ ಮೇಲಿರುವ ವಸ್ತುವನ್ನು ಗಮನಿಸಬೇಕು. ಅದು ಈ ಮಂಟಪದ್ದೇ ಮೇಲ್ಛಾವಣಿಯ ಮಾದರಿ! ಕಂಬಗಳನ್ನು ಯಾರೇ ನಿಲ್ಲಿಸಿರಲಿ, ಛಾವಣಿ ಹೊದಿಸಿದವನು ತಾನೆಂದು ಆತನು ಬಾಯಿಬಿಡದೆ ಹೇಳಿದ್ದಾನೆ.

ಛಾವಣಿಯ ಅಂಚಿನಲ್ಲಿ ನಿಂತ ದೇವಿಯರೂ ಆತನು ಬಳಸಿದ ವಿದ್ಯೆಗಳೇ. ಒಬ್ಬಳ ಕೈಯಲ್ಲಿ ದೂರದರ್ಶಕ. ಮತ್ತೊಬ್ಬಳ ಕೈಯಲ್ಲಿ ಒಂದಕ್ಕೆ ಇನ್ನೊಂದು ಇಮ್ಮಡಿಯಾದ ಎರಡು ಕೋಲುಗಳು. ಈ ಎರಡನೆಯವಳ ಪ್ರಭಾವಳಿಯಲ್ಲಿ ೬೯೩೧೪೭೨ ಎಂಬ ಅಂಕೆಗಳಿವೆ. ದಶಮಾಂಶ ಬಿಂದುವನ್ನು ಹಿಂದಕ್ಕೆ ಸರಿಸಿ ೦.೬೯೩೧೪೭೨ ಎಂದು ಓದಿದರೆ ಅದು ಎರಡರ ಸ್ವಾಭಾವಿಕ ಲಘುಗಣಕ. ಆಕೆ ೧೬೧೪ರಲ್ಲಷ್ಟೇ ನೇಪಿಯರ್ ಲೋಕಕ್ಕೆ ನೀಡಿದ್ದ ಲಘುಗಣಕ ವಿದ್ಯೆಯ ಅಧಿದೇವತೆ.

ಇನ್ನು ನೆತ್ತಿಯ ಮೇಲಿನ ಹದ್ದು. ಅದು ಸಾಮ್ರಾಟನ ಲಾಂಛನ. ಕೊಕ್ಕಿನಿಂದ ನಾಣ್ಯಗಳನ್ನು ಉದುರಿಸುತ್ತಿದೆ. ಆಸ್ಥಾನದ ಕಣ್ಣಿಗೆ ಇದು ರಾಜೌದಾರ್ಯದ ಸ್ತುತಿ. ನಾಣ್ಯಗಳ ಜಾಡು ಹಿಡಿದು ಕೆಳಗಿಳಿದರೆ ಕೆಪ್ಲರನ ಮೇಜಿಗೆ ತಲುಪಿರುವುದು ಬೆರಳೆಣಿಕೆಯಷ್ಟು ಮಾತ್ರ. ಆತನು ಆಸ್ಥಾನ ಗಣಿತಜ್ಞನಾದದ್ದು ೧೬೦೧ರಲ್ಲಿ. ಎರಡನೆಯ ರುಡಾಲ್ಫ್, ಮತ್ಥಿಯಾಸ್, ಎರಡನೆಯ ಫರ್ಡಿನೆಂಡ್ ಹೀಗೆ ಮೂವರು ಸಾಮ್ರಾಟರು ಬಂದರೂ ಸಂಬಳದ ಬಾಕಿ ಆರು ಸಾವಿರ ಗುಲ್ಡನ್‌ಗಳನ್ನು ಮೀರಿ ಬೆಳೆದಿತ್ತು. ೧೬೨೬ರಲ್ಲಿ ಲಿಂಟ್ಸ್ ನಗರವು ಮುತ್ತಿಗೆಗೆ ಸಿಕ್ಕಿ ಅಚ್ಚುಕೂಟವೇ ಸುಟ್ಟುಹೋದಾಗ ಆತನು ಉಲ್ಮ್‌ಗೆ ಬಂದು ಮುದ್ರಣವನ್ನು ಮುಗಿಸಿದನು. ಗ್ರಂಥವನ್ನು ಅರ್ಪಿಸಿದ್ದು ಫರ್ಡಿನೆಂಡನಿಗೇ. ಬಾಕಿಯ ಪಟ್ಟಿಯನ್ನು ಸ್ತುತಿಯೊಳಗೆ ಮಡಿಸಿ ದೊರೆಯ ಕೈಗೇ ಕೊಟ್ಟ ಈ ಜಾಣ್ಮೆಯನ್ನು ನಾವು ಮೆಚ್ಚದಿರಲಾರೆವು.

ಬಾಕಿ ತೀರಲಿಲ್ಲ. ತನಗೆ ಬರಬೇಕಾದ ಹಣದ ಚಿಂತೆಯನ್ನೂ ಹೊತ್ತು ರೇಗನ್ಸ್‌ಬುರ್ಗಿಗೆ ಹೋದ ಕೆಪ್ಲರ್ ೧೬೩೦ರ ನವೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡನು. ಮರುವರ್ಷ ನವೆಂಬರ್ ೭ರಂದು, ಆತನು ಮೊದಲೇ ಗುಣಿಸಿ ತಿಳಿಸಿದ್ದಂತೆ, ಬುಧಗ್ರಹವು ಸೂರ್ಯಬಿಂಬವನ್ನು ದಾಟುವುದನ್ನು ಪ್ಯಾರಿಸಿನಲ್ಲಿ ಗಸೆಂಡಿ ಕಣ್ಣಾರೆ ಕಂಡನು.