ಇಳಿವಯಸ್ಸಿನ ಆರೈಕೆ: ಸರ್ಕಾರದ ನೆರವು ಎಲ್ಲಿಯವರೆಗೆ?

ವ್ಯಾಪಾರಸ್ಥನಿಗೆ ನಿವೃತ್ತಿಯ ವಯಸ್ಸೆಂಬುದಿಲ್ಲ, ನಿವೃತ್ತಿವೇತನವೂ ಇಲ್ಲ. ಅಂಗಡಿಯ ಗಲ್ಲಾ ಮಗನ ಕೈಗೆ ಹೋದ ದಿನವೇ ಆತನ ನಿವೃತ್ತಿ. ಆಮೇಲೆ ಪಾರ್ಶ್ವವಾಯುವಿನಿಂದಲೋ ಮರೆವಿನ ಕಾಯಿಲೆಯಿಂದಲೋ ಹಾಸಿಗೆ ಹಿಡಿದರೆ ವರ್ಷಗಟ್ಟಲೆ ನಡೆಯಬೇಕಾದ ಆರೈಕೆಯ ಖರ್ಚು ಯಾರದು? 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿದ್ದರಿಂದ ಈ ಪ್ರಶ್ನೆಗೆ ಉತ್ತರ ದೊರೆಯಿತೆಂದು ಭಾವಿಸುವುದು ಸರಿಯಲ್ಲ.

ಈ ವಿಸ್ತರಣೆಗೆ ಆದಾಯ ಮಿತಿಯಿಲ್ಲ. ಖಾಸಗಿ ವಿಮೆ ಇದ್ದವರೂ ಅರ್ಹರು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ರಕ್ಷಣೆಯಿದ್ದು, 70 ದಾಟಿದ ದಂಪತಿಗಳಿದ್ದಲ್ಲಿ ಆ ಮೊತ್ತ ಇಬ್ಬರಿಗೂ ಸೇರಿ. ಆದರೆ ಇದು ಯೋಜನೆಗೆ ಸೇರಿದ ಆಸ್ಪತ್ರೆಯ ಒಳರೋಗಿ ಚಿಕಿತ್ಸೆಗೆ ಸೀಮಿತ. ದಾಖಲಾಗುವ ಮುಂಚಿನ 3 ದಿನ ಹಾಗೂ ಬಿಡುಗಡೆಯ ನಂತರದ 15 ದಿನಗಳ ವೆಚ್ಚ ಅದರಲ್ಲಿ ಅಡಕ. ಹದಿನಾರನೆಯ ದಿನದಿಂದ ಮನೆಗೆ ಬರುವ ದಾದಿಯ ಸಂಬಳ, ವ್ಯಾಯಾಮ ಚಿಕಿತ್ಸೆ, ದಿನನಿತ್ಯದ ಔಷಧಿ ಎಲ್ಲವೂ ಮನೆಯ ಲೆಕ್ಕಕ್ಕೇ. ವಿಮೆಯಿಲ್ಲದ ಹಿರಿಯರ ವೈದ್ಯಕೀಯ ವೆಚ್ಚಕ್ಕೆ ದೊರೆಯುವ 50,000 ರೂ.ವರೆಗಿನ ತೆರಿಗೆ ಕಡಿತವೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ.

ಹೀಗಿರುವಾಗ ಹಿರಿಯರಿಗೆ ನಿಜವಾದ ಆಧಾರವೆಂದರೆ ಅವರದೇ ಆಸ್ತಿ. ಅನೇಕರು ಮೊದಲು ಕೈಬಿಡುವುದೂ ಅದನ್ನೇ. ಕ್ರಯಪತ್ರಕ್ಕೆ ಹೋಲಿಸಿದರೆ ಮಕ್ಕಳಿಗೆ ಬರೆಯುವ ದಾನಪತ್ರದ ಮುದ್ರಾಂಕ ಶುಲ್ಕ ಬಹಳ ಕಡಿಮೆಯೆಂದು ಮನೆ, ಮಳಿಗೆ, ಷೆಡ್ಡು ಎಲ್ಲವನ್ನೂ ಒಂದೇ ದಿನ ನೋಂದಾಯಿಸಿಬಿಡುತ್ತಾರೆ. ಆ ಪತ್ರದಲ್ಲಿ "ಪ್ರೀತಿ ವಿಶ್ವಾಸದಿಂದ" ಎಂಬ ಮಾತಿರುತ್ತದೆ, ಪೋಷಣೆಯ ಮಾತಿರುವುದಿಲ್ಲ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ, 2007ರ 23ನೇ ಕಲಮು ಇಲ್ಲಿ ಮುಖ್ಯ. 60 ವರ್ಷ ತುಂಬಿದವರು, ತಮ್ಮ ಮೂಲಭೂತ ಸೌಕರ್ಯ ಹಾಗೂ ಶಾರೀರಿಕ ಅಗತ್ಯಗಳನ್ನು ಪೂರೈಸಬೇಕೆಂಬ ಷರತ್ತಿನ ಮೇಲೆ ಆಸ್ತಿ ವರ್ಗಾಯಿಸಿ, ಪಡೆದವರು ಅದನ್ನು ಪಾಲಿಸದಿದ್ದರೆ, ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸುವ ಅಧಿಕಾರ ನ್ಯಾಯಮಂಡಳಿಗಿದೆ. ಷರತ್ತೇ ಇಲ್ಲದಿದ್ದರೆ? ಈ ಕಲಮಿನ ಲಾಭ ಪಡೆಯಲು ಷರತ್ತಿತ್ತೆಂಬುದನ್ನು ಸ್ಥಾಪಿಸಲೇಬೇಕೆಂದು 2022ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಜನವರಿಯ ಮತ್ತೊಂದು ತೀರ್ಪು ಕಾಯಿದೆಯನ್ನು ಉದಾರವಾಗಿ ಅರ್ಥೈಸಿ ತಾಯಿಯೊಬ್ಬರ ದಾನಪತ್ರವನ್ನು ರದ್ದುಪಡಿಸಿತಾದರೂ, ಅಲ್ಲಿ ಮಗ ಬರೆದುಕೊಟ್ಟಿದ್ದನೆನ್ನಲಾದ ಪ್ರತ್ಯೇಕ ವಚನಪತ್ರವೊಂದಿತ್ತು. ಆದ್ದರಿಂದ ದಾನಪತ್ರದಲ್ಲೇ ವಾಸದ ಹಕ್ಕು, ಔಷಧೋಪಚಾರ, ಆರೈಕೆಯ ವೆಚ್ಚ ಇವನ್ನು ಸ್ಪಷ್ಟವಾಗಿ ಬರೆಸುವುದು ಲೇಸು. ಬರೆಸಲು ಸಂಕೋಚಪಡುವವರೇ ಹೆಚ್ಚು. ಆದರೆ ಗಿರಾಕಿಗೆ ಸಾಲ ಕೊಡುವಾಗ ಚೀಟಿ ಬರೆಸುವವರಿಗೆ ಇದು ಹೊಸ ಪದ್ಧತಿಯೇನೂ ಅಲ್ಲ.

ಪಾಲುದಾರಿಕೆ ಸಂಸ್ಥೆಗಳಲ್ಲೂ ಇದೇ ಎಚ್ಚರ ಬೇಕು. ನಿವೃತ್ತನಾಗುವ ಪಾಲುದಾರನ ಬಂಡವಾಳ ಖಾತೆಯ ಬಾಕಿಯನ್ನು ಸಾಲವೆಂದು ಪರಿವರ್ತಿಸಿ, ಬಡ್ಡಿಯ ದರ ಹಾಗೂ ಮಾಸಿಕ ಪಾವತಿಯನ್ನು ನಿವೃತ್ತಿ ಪತ್ರದಲ್ಲಿ ನಮೂದಿಸಿದರೆ ಅದೇ ಆತನ ಪಿಂಚಣಿಯಾಗುತ್ತದೆ. ಲೆಕ್ಕ ತೀರಿಸದೆ, ಏನನ್ನೂ ಗೊತ್ತುಪಡಿಸದೆ ಹೊರಬಂದವನಿಗೆ 1932ರ ಪಾಲುದಾರಿಕೆ ಕಾಯಿದೆಯ 37ನೇ ಕಲಮಿನಂತೆ ಲಾಭದಲ್ಲಿ ಪಾಲು ಅಥವಾ ಶೇ. 6ರ ಬಡ್ಡಿ ಕೇಳುವ ಹಕ್ಕಿದೆ. ಮಗನ ಮೇಲೆ ಆ ಹಕ್ಕು ಚಲಾಯಿಸುವ ತಂದೆ ಅಪರೂಪ.

ಮನೆಯನ್ನು ತಮ್ಮ ಹೆಸರಿನಲ್ಲೇ ಉಳಿಸಿಕೊಂಡವರಿಗೆ 2007ರಿಂದ ಜಾರಿಯಲ್ಲಿರುವ ಹಿಮ್ಮುಖ ಅಡಮಾನ ಸಾಲದ ದಾರಿಯೂ ಇದೆ. ಬ್ಯಾಂಕು ಕಂತುಗಳಲ್ಲಿ ನೀಡುವ ಈ ಹಣಕ್ಕೆ ಆದಾಯ ತೆರಿಗೆಯಿಲ್ಲ. ಸ್ವಂತ ವಾಸದ ಮನೆಗೆ ಮಾತ್ರ ಇದು ಅನ್ವಯ. ಮಳಿಗೆ, ಗೋದಾಮುಗಳಿಗೆ ಇಲ್ಲ.

ಈಗಾಗಲೇ ಷರತ್ತಿಲ್ಲದೆ ಬರೆದುಕೊಟ್ಟವರು ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಜೀವನಾಂಶಕ್ಕಾಗಿ ಅರ್ಜಿ ಸಲ್ಲಿಸಬಹುದು. ಅದಕ್ಕೆ ದಾನಪತ್ರದ ಷರತ್ತು ಬೇಕಿಲ್ಲ. ಆದರೆ ಕಾಯಿದೆಯಂತೆ ಆ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂ.