ಕೊನೆಯ ಸಾಲಿಗೂ ಕಾಣುವ ಕಣ: ಕೊಲ್ಹಾಪುರದ ಖಾಸಬಾಗ ಮೈದಾನ

ಬಮ್ಮಿಗಟ್ಟಿ, ಕಲಘಟಗಿ ಸೀಮೆಯಿಂದ ಹಿಡಿದು ಬೆಳಗಾವಿ ಗಡಿಯವರೆಗೆ ಜಾತ್ರೆಯ ಕುಸ್ತಿಯ ಭಿತ್ತಿಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ತೆರ. ಮೇಲೆ ಹನುಮಪ್ಪನ ಚಿತ್ರ, ಅದರ ಕೆಳಗೆ ‘ಭಾರಿ ಜಂಗೀ ನಿಕಾಲಿ ಕುಸ್ತಿಗಳು’ ಎಂಬ ದಪ್ಪ ಅಕ್ಷರ, ನಂತರ ಜೋಡಿಗಳ ಪಟ್ಟಿ. ಪೈಲವಾನನ ಹೆಸರಿನ ಜೊತೆಗೆ ‘ಕೊಲ್ಹಾಪುರ’ ಎಂದಿದ್ದರೆ ಆ ಜೋಡಿಗೆ ಮಾನ ಹೆಚ್ಚು. ಅನೇಕ ಸಲ ಆತ ಕೊಲ್ಹಾಪುರದಲ್ಲಿ ಹುಟ್ಟಿದವನೇ ಅಲ್ಲ. ನಮ್ಮ ಕಡೆಯ ಯಾವುದೋ ಹಳ್ಳಿಯಿಂದ ಹೋಗಿ ಅಲ್ಲಿಯ ತಾಲೀಮಿನಲ್ಲಿ ನಾಲ್ಕಾರು ವರ್ಷ ಮಣ್ಣು ತಿಂದು ಬಂದ ಹುಡುಗ. ಆದರೂ ಊರ ಹೆಸರಿನ ಬದಲು ಕೊಲ್ಹಾಪುರದ ಹೆಸರೇ ಬೇಕು. ಆ ಹೆಸರಿಗೆ ಈ ತೂಕ ಬಂದುದರಲ್ಲಿ ಅಲ್ಲಿಯ ಖಾಸಬಾಗ ಕುಸ್ತಿ ಮೈದಾನದ ಪಾಲು ದೊಡ್ಡದು.

ಮೈದಾನ ಕಟ್ಟಿಸಿದವರು ಕೊಲ್ಹಾಪುರ ಸಂಸ್ಥಾನದ ದೊರೆ ರಾಜರ್ಷಿ ಶಾಹು ಮಹಾರಾಜರು. ಸ್ವತಃ ಕುಸ್ತಿಯ ಹುಚ್ಚಿದ್ದವರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿಗೆ ಹೋದವರು ಆ ಪ್ರವಾಸದಲ್ಲಿ ರೋಮಿನ ಕೊಲೋಸಿಯಂ ನೋಡಿದರು. ಇಂಥದೊಂದು ನಮ್ಮಲ್ಲೂ ಇರಬೇಕೆಂದು ಮನಸ್ಸಿನಲ್ಲಿಟ್ಟುಕೊಂಡು ಬಂದರು. ಸಂಸ್ಥಾನದ ನೌಕರಿಗಳಲ್ಲಿ ಶೇ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಅವರ ಪ್ರಸಿದ್ಧ ಆಜ್ಞೆ ಹೊರಟದ್ದೂ ಅದೇ ವರ್ಷ, ಜುಲೈ 26ರಂದು. ಒಂದೇ ಪ್ರವಾಸದ ಕಾಲಕ್ಕೆ ಸೇರಿದ ಈ ಎರಡನ್ನೂ ಒಟ್ಟಿಗೆ ನೆನೆಯುವವರು ಕಡಿಮೆ. 1907ರಲ್ಲಿ ಆರಂಭವಾದ ಕೆಲಸ 1912ರಲ್ಲಿ ಮುಗಿಯಿತು.

ರೋಮಿನದು ಕಲ್ಲಿನ ಅಂತಸ್ತುಗಳ ಭಾರಿ ಕಟ್ಟಡ. ಖಾಸಬಾಗದಲ್ಲಿ ಆ ವೈಭವವಿಲ್ಲ. ದೂರದಿಂದ ನೋಡಿದವರಿಗೆ ‘ಇಷ್ಟೇನಾ?’ ಅನ್ನಿಸಬಹುದು. ಒಳಗೆ ಹೋಗಿ ಕುಳಿತಾಗಲೇ ಅದರ ಜಾಣತನ ತಿಳಿಯುವುದು. ನಡುವೆ ನೆಲಕ್ಕಿಂತ ತುಸು ಎತ್ತರದಲ್ಲಿ ಮಣ್ಣಿನ ಕಣ. ಅದಕ್ಕೆ ಅಲ್ಲಿಯವರು ಹೌದಾ ಎನ್ನುತ್ತಾರೆ. ಸುತ್ತಲೂ ಹಿಂದೆ ಹೋದಂತೆ ಏರುವ ಇಳಿಜಾರು. ನಡುವೆ ಕಂಬವಿಲ್ಲ, ಮೇಲೆ ಚಾವಣಿಯಿಲ್ಲ. ಸುಮಾರು 30 ಸಾವಿರ ಜನ ಕೂರಬಹುದಾದ ಜಾಗದಲ್ಲಿ ಕಟ್ಟಕಡೆಯ ಸಾಲಿನವನಿಗೂ ಕಣದ ಮಣ್ಣು ಕಾಣುತ್ತದೆ.

ಮಣ್ಣು ಕಾಣಲೇಬೇಕು. ಏಕೆಂದರೆ ನಿಕಾಲಿ ಕುಸ್ತಿಯೆಂದರೆ ಸೋಲು–ಗೆಲುವು ಇತ್ಯರ್ಥವಾಗುವವರೆಗೆ ನಡೆಯುವ ಕುಸ್ತಿ. ಅಂಕಗಳ ಲೆಕ್ಕವಿಲ್ಲ, ಗಡಿಯಾರದ ಹಂಗಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಬೇಕು, ಅಂದರೆ ಚಿತ್ ಆಗಬೇಕು. ಅದು ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಪಂಚರು ಕೈ ಎತ್ತುತ್ತಾರೆ, ನಿಜ. ಆದರೆ ಸುತ್ತ ಕುಳಿತ ಸಾವಿರಾರು ಜನ ಒಪ್ಪದಿದ್ದರೆ ಆ ಗೆಲುವಿಗೆ ಬೆಲೆಯಿಲ್ಲ. ಎಲ್ಲರೂ ಕಂಡದ್ದೇ ತೀರ್ಪು.

ಕಣದ ಮಣ್ಣನ್ನು ಸಿದ್ಧಪಡಿಸುವುದೂ ಒಂದು ವಿದ್ಯೆ. ಕೆಂಪು ಮಣ್ಣನ್ನು ಜರಡಿ ಹಿಡಿದು, ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆಹುಳಿ, ಕರ್ಪೂರ ಬೆರೆಸಿ ಹದ ಮಾಡುತ್ತಾರೆ. ಬಿದ್ದರೆ ಮೈಗೆ ಪೆಟ್ಟಾಗಬಾರದು, ತರಚಿದ ಗಾಯ ಕೀವಾಗಬಾರದು. ಪೈಲವಾನ ಕಣಕ್ಕಿಳಿಯುವ ಮುನ್ನ ಒಂದು ಚಿಟಿಕೆ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾನೆ. ಎದುರಾಳಿಯ ಬೆವರಿದ ಮೈಗೂ ಮಣ್ಣು ಎರಚುತ್ತಾನೆ, ಹಿಡಿತ ಜಾರಬಾರದಲ್ಲ! ಹಲಗಿಯ ಬಡಿತ ಏರುತ್ತದೆ. ಗೆದ್ದವನು ಕಣ ಸುತ್ತಿ ಕೈಮುಗಿದರೆ ಮೆಚ್ಚಿದವರು ಕೈಯಲ್ಲಿದ್ದ ನೋಟು ಕೊಡುತ್ತಾರೆ. ವಸ್ತಾದರ ಕಾಲಿಗೆ ಎರಗದೆ ಯಾರೂ ಹೊರಗೆ ಹೋಗುವುದಿಲ್ಲ.

ಈ ಕಣ್ಣುಗಳು ಎಲ್ಲರನ್ನೂ ಒಂದೇ ಸಮನಾಗಿ ನೋಡಿದವು ಎಂದರೆ ಸುಳ್ಳಾದೀತು. ಗಂಡಸರೊಡನೆ ಸೆಣಸುತ್ತಿದ್ದ ಹಮೀದಾ ಬಾನು ಕೊಲ್ಹಾಪುರದಲ್ಲಿ ಪಂಜಾಬಿನ ಪೈಲವಾನನೊಬ್ಬನನ್ನು ಸೋಲಿಸಿದಾಗ ಇದೇ ಊರಿನ ಜನ ಕಲ್ಲು ತೂರಿದ್ದರು. ಆಕೆಯ ರಕ್ಷಣೆಗೆ ಪೊಲೀಸರು ಬರಬೇಕಾಯಿತು.

ಶಾಹು ಮಹಾರಾಜರ ಕಾಲದಲ್ಲಿ ಪೈಲವಾನನ ಹಾಲು, ತುಪ್ಪ, ಬಾದಾಮಿಯ ಖುರಾಕು ಅರಮನೆಯ ಹೊಣೆಯಾಗಿತ್ತು. ಪಂಜಾಬಿನಿಂದ ದೊಡ್ಡ ಪೈಲವಾನರನ್ನು ಕರೆಸಿ ಇಟ್ಟುಕೊಂಡರು. ಗಂಗಾವೇಸ, ಮೋತಿಬಾಗ, ಶಾಹುಪುರಿ ತಾಲೀಮುಗಳು ಹೆಸರಾದವು. 1922ರಲ್ಲಿ ಅವರು ತೀರಿಕೊಂಡರು, 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. 1956ರವರೆಗೆ ಕೊಲ್ಹಾಪುರ ನಮಗೆ ಪರರಾಜ್ಯವಾಗಿರಲಿಲ್ಲ. ಅರಮನೆ ಹೋದ ಮೇಲಿನ ಪಾಡು ಖಾಶಾಬಾ ಜಾಧವರ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ. ಕೊಲ್ಹಾಪುರದಲ್ಲಿ ಪಳಗಿದ ಅವರನ್ನು 1948ರ ಲಂಡನ್ ಒಲಿಂಪಿಕ್ಸಿಗೆ ಕಳಿಸಲು ಮಹಾರಾಜರು ಹಣ ಕೊಟ್ಟಿದ್ದರು. ಮಣ್ಣು ಬಿಟ್ಟು ಮ್ಯಾಟಿನ ಮೇಲೆ ಸೆಣಸಬೇಕಾಗಿ ಬಂದರೂ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಗೆ ಹೊರಡುವಾಗ ಊರವರ ವಂತಿಗೆಯೇ ಗತಿಯಾಯಿತು. ಅವರು ಓದಿದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ತಂದದ್ದು ಕಂಚು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ.

ಕನ್ನಡ ನಾಡಿನ ಪಾಲೂ ಇಲ್ಲಿದೆ. ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಕೊಲ್ಹಾಪುರದ ತಾಲೀಮಿನಲ್ಲಿ ಬೆಳೆದು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗನನ್ನು ಸೋಲಿಸಿ ಮೊದಲ ‘ಹಿಂದ್ ಕೇಸರಿ’ಯಾದರು. 2020ರ ಡಿಸೆಂಬರಿನಲ್ಲಿ ಅವರು ನಿಧನರಾದದ್ದೂ ಕೊಲ್ಹಾಪುರದಲ್ಲೇ.

ಈಗ ಪದಕವೂ ನೌಕರಿಯೂ ಇರುವುದು ಮ್ಯಾಟಿನ ಕುಸ್ತಿಯಲ್ಲಿ. ಅಲ್ಲಿ ಮೂರು ಮೂರು ನಿಮಿಷಗಳ ಎರಡು ಸುತ್ತು, ಅಂಕಗಳ ಲೆಕ್ಕ. ಬೆನ್ನು ನೆಲಕ್ಕೆ ತಾಗದೆಯೂ ಗೆಲ್ಲಬಹುದು. ಕೊನೆಯ ಸಾಲಿನವನು ಕಣ ಬಿಟ್ಟು ಫಲಕ ನೋಡಬೇಕು. ಮಣ್ಣಿನ ಕುಸ್ತಿಗೆ ಜಾತ್ರೆಯ ಇನಾಮುಂಟು, ಪಿಂಚಣಿಯಿಲ್ಲ; ಮಗನನ್ನು ತಾಲೀಮಿಗೆ ಹಾಕುವ ತಂದೆ ಈ ಲೆಕ್ಕವನ್ನು ಹಾಕದಿರಲಾರ.

ಇದರ ಮೇಲೆ ಬೆಂಕಿಯ ಆಪತ್ತು. ಮೈದಾನಕ್ಕೆ ಅಂಟಿಕೊಂಡೇ ಶಾಹು ಮಹಾರಾಜರು ಕಟ್ಟಿಸಿದ ನಾಟಕಗೃಹವಿದೆ. ನಟ ಕೇಶವರಾವ್ ಭೋಸಲೆ ಅವರ ಹೆಸರು ಹೊತ್ತ ಅದು 2024ರ ಆಗಸ್ಟ್ 8ರ ರಾತ್ರಿ, ಭೋಸಲೆಯವರ ಜಯಂತಿಯ ಹಿಂದಿನ ದಿನ, ಸುಟ್ಟುಹೋಯಿತು. ಬೆನ್ನಿಗಿದ್ದ ಕುಸ್ತಿ ಮೈದಾನದ ವೇದಿಕೆಯೂ ಉರಿಯಿತು. ಸುಟ್ಟದ್ದು ಮರ. ಕಣದ ಮಣ್ಣು ಹಾಗೇ ಉಳಿಯಿತು.

ಕೊಲ್ಹಾಪುರದ ತಾಲೀಮುಗಳಲ್ಲಿ ಈಗ ಒಂದೇ ಸೂರಿನಡಿ ಎರಡೂ ಇವೆ: ಒಂದು ಕಡೆ ಕೆಂಪು ಮಣ್ಣು, ಇನ್ನೊಂದು ಕಡೆ ಮ್ಯಾಟು. ಹುಡುಗರು ಒಂದು ಹೊತ್ತು ಅದರಲ್ಲಿ, ಇನ್ನೊಂದು ಹೊತ್ತು ಇದರ ಮೇಲೆ ಬೆವರು ಸುರಿಸುತ್ತಾರೆ.